ತೂಕ ಸರಿಯಿತ್ತು, ಕಣ ಸರಿಯಿರಲಿಲ್ಲ

ಕೆಟಲಿಸ್ಟ್ (ವೇಗವರ್ಧಕ) ಲ್ಯಾಬಿಗೆ ಸೇರಿದ ಹೊಸತು. ಪ್ರೊಪೇನಿನಿಂದ ಪ್ರೊಪಿಲೀನ್ ಮಾಡುವ ಕ್ರಿಯೆಗೆ ಸಿಲಿಕಾ ಪುಡಿಯ ಮೇಲೆ ಪ್ಲಾಟಿನಂ ಮತ್ತು ತಾಮ್ರ ಕೂರಿಸುವುದು ನನ್ನ ಕೆಲಸ. ಬರೀ ಪ್ಲಾಟಿನಂ ಮೇಲೆ ಬೇಗ ಇಂಗಾಲ ಕಟ್ಟುತ್ತದೆ. ನಡುನಡುವೆ ತಾಮ್ರ ಸೇರಿ ಪ್ಲಾಟಿನಂ ಪರಮಾಣುಗಳ ಗುಂಪು ಒಡೆದರೆ ಆ ಕಾಟ ತಗ್ಗುತ್ತದೆ. ಹಾಗಾಗಿ ಎರಡೂ ಒಂದೇ ಕಣದಲ್ಲಿರಬೇಕು.

ಕ್ಲೋರೋಪ್ಲಾಟಿನಿಕ್ ಆಮ್ಲ, ಕಾಪರ್ ನೈಟ್ರೇಟ್ ಎರಡನ್ನೂ ಒಂದೇ ಬೀಕರಿನಲ್ಲಿ ಕರಗಿಸಿ, ಸಿಲಿಕಾಕ್ಕೆ ಹೀರಿಸಿ, 120 ಡಿಗ್ರಿಯಲ್ಲಿ ಒಣಗಿಸಿ, ಗಾಳಿಯಲ್ಲಿ 500 ಡಿಗ್ರಿಗೆ ಸುಟ್ಟು, ಹೈಡ್ರೋಜನ್ ಹಾಯಿಸಿದೆ. ವಿಶ್ಲೇಷಣೆಯಲ್ಲಿ ಎರಡೂ ಲೋಹದ ಪ್ರಮಾಣ ಲೆಕ್ಕಕ್ಕೆ ಸರಿಯಾಗಿ ಬಂತು. ಆ ಅಂಕಿ ನೋಡಿ ನಾನು ನಿಶ್ಚಿಂತೆಯಾಗಿದ್ದೆ. ರಿಯಾಕ್ಟರಿನಲ್ಲಿ ಮಾತ್ರ ಅದು ಬರೀ ಪ್ಲಾಟಿನಮ್ಮಿನ ಹಾಗೆಯೇ ಬೇಗ ಸೋತಿತು. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಚದುರುವ ಕೋನದಿಂದ ಹರಳು ಯಾವುದೆಂದು ಗುರುತಿಸುವ ಪರೀಕ್ಷೆ) ಮಾಡಿದರೆ 39.8 ಡಿಗ್ರಿ ಕೋನದಲ್ಲಿ ಪ್ಲಾಟಿನಂ, 43.3ರಲ್ಲಿ ತಾಮ್ರ, ಎರಡೂ ಬೇರೆ ಬೇರೆ ಚೂಪು ಶಿಖರಗಳು. ಚೂಪಾಗಿದ್ದರೆ ಕಣ ದೊಡ್ಡದೆಂದೇ ಅರ್ಥ.

"ಒಣಗುವಾಗ ಲವಣ ಎಲ್ಲಿಗೆ ಹೋಯ್ತು ಅಂತ ನೋಡಿದ್ಯಾ?" ಎಂದು ಕೇಳಿದರು ನಮ್ಮ ಮೇಡಂ.

ನೋಡಿರಲಿಲ್ಲ. ಪ್ಲಾಟಿನಂ ಕ್ಲೋರೈಡ್ ಅಯಾನಿಗೆ ಋಣ ಆವೇಶ. ಆಮ್ಲೀಯ ದ್ರಾವಣದಲ್ಲಿ ಸಿಲಿಕಾದ ಮೇಲ್ಮೈಗೆ ಹೆಚ್ಚುಕಡಿಮೆ ಆವೇಶವೇ ಇಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ನೀರು ಆರುತ್ತ ಹೋದತ್ತ ಲವಣವೂ ಹೋಗಿ ಅಲ್ಲಲ್ಲಿ ಗುಡ್ಡೆಯಾಗಿತ್ತು. ನೀರು ಆವಿಯಾಯಿತೇ ಹೊರತು ಲೋಹ ಎಲ್ಲಿಗೂ ಹೋಗಲಿಲ್ಲವಲ್ಲ, ಅದಕ್ಕೇ ತೂಕ ಸರಿಬಂದದ್ದು.

ಎರಡನೇ ಸಲ ಟೆಟ್ರಾಅಮೈನ್ ಪ್ಲಾಟಿನಂ ನೈಟ್ರೇಟ್ ತೆಗೆದುಕೊಂಡೆ. ತಾಮ್ರಕ್ಕೆ ಅಮೋನಿಯಾ ಸೇರಿಸಿ ಪಿಎಚ್ 11ರ ಹತ್ತಿರ ಇಟ್ಟೆ. ಅದಕ್ಕಿಂತ ಮೇಲೆ ಹೋದರೆ ಸಿಲಿಕಾವೇ ಕರಗತೊಡಗುತ್ತದೆ. ಅಲ್ಲಿ ಸಿಲಿಕಾಕ್ಕೆ ಋಣ ಆವೇಶ, ಎರಡೂ ಲೋಹದ ಅಯಾನುಗಳಿಗೆ ಧನ ಆವೇಶ. ಒಂದು ಗಂಟೆ ಕಲಕಿ ಸೋಸಿದಾಗ ಗಾಢ ನೀಲಿ ದ್ರಾವಣ ತೆಳುವಾಗಿ, ಬಿಳಿ ಪುಡಿ ನೀಲಿಯಾಗಿತ್ತು! ಇಡೀ ವಾರದಲ್ಲಿ ನನಗೆ ಅಷ್ಟು ಖುಷಿ ಕೊಟ್ಟ ನೋಟ ಇನ್ನೊಂದಿಲ್ಲ. ಪ್ಲಾಟಿನಂ ದ್ರಾವಣಕ್ಕೆ ಬಣ್ಣವಿಲ್ಲ, ಹಾಗಾಗಿ ಸೋಸಿದ ನೀರನ್ನೂ ವಿಶ್ಲೇಷಣೆಗೆ ಕಳಿಸಿದೆ.

ಗಾಳಿಯಲ್ಲಿ ಸುಡುವುದನ್ನು ಬಿಟ್ಟೆ. ನೇರವಾಗಿ ಹೈಡ್ರೋಜನ್ನಿನಲ್ಲಿ ನಿಮಿಷಕ್ಕೆ 2 ಡಿಗ್ರಿಯಂತೆ 400ರವರೆಗೆ ಏರಿಸಿದೆ. ಈ ಸಲ ಎರಡು ಶಿಖರಗಳ ಜಾಗದ ನಡುವೆ ಅಗಲವಾದ ಒಂದೇ ದಿಬ್ಬ. ಅಷ್ಟು ಅಗಲದ ದಿಬ್ಬವೊಂದನ್ನೇ ನಂಬುವಂತಿಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣಕಣವಾಗಿ ನೋಡಿಸಿದೆವು. ನಾವು ಆರಿಸಿ ನೋಡಿದ ಪ್ರತಿ ಕಣದಲ್ಲೂ ಎರಡೂ ಲೋಹ ಒಟ್ಟಿಗಿದ್ದವು.