1982ರ ಮೊಳೆಗೆ ಎರಡು ದಾರ

38 ದಾರ ಬಿಚ್ಚಿ ಮತ್ತೆ ಕಟ್ಟಿ ಮುಗಿಸಿದೆ. ಬೆರಳ ತುದಿ ಇನ್ನೂ ಉರಿಯುತ್ತಿದೆ. ಆದರೆ ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ನರನ್ನು ಮೊಳೆ, ದಾರದಲ್ಲಿ ತೋರಿಸುವ ನನ್ನ ಹಲಗೆ ಈಗ ಸರಿಯಾಗಿದೆ, ಆ ಖುಷಿ ಆರುವ ಮೊದಲೇ ಬರೆದುಬಿಡುತ್ತೇನೆ.

ಪ್ಲೈವುಡ್ ಕೊಯ್ದಿದ್ದು, ಬಣ್ಣ ಬಳಿದಿದ್ದು, ಕಾಗದ ಅಂಟಿಸಿ ಅದರ ಮೇಲೆ ಮೊಳೆ ಹೊಡೆದಿದ್ದು ಎಲ್ಲ ನಿಮಗೆ ಗೊತ್ತಿರುವ ಕೆಲಸವೇ. ಲೆಕ್ಕವಷ್ಟೇ ಹೇಳುತ್ತೇನೆ. ಮೇಲಿನ ಸಾಲಿನಲ್ಲಿ 1972ರಿಂದ 2025ರವರೆಗೆ ವರ್ಷಕ್ಕೊಂದರಂತೆ 54 ಮೊಳೆ, ನಡುವೆ ಮೂರು ಸೆಂಟಿಮೀಟರ್ ಅಂತರ. ಕೆಳಗಿನ ಸಾಲಿನಲ್ಲಿ 20 ಮೊಳೆ, ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ರಾಷ್ಟ್ರೀಯ ಟೂರ್ನಿ ಗೆದ್ದ 20 ಕಾಲೇಜುಗಳಿಗೆ. ವರ್ಷದ ಮೊಳೆಯಿಂದ ಆ ವರ್ಷ ಗೆದ್ದ ಕಾಲೇಜಿಗೆ, ಅದರದ್ದೇ ಬಣ್ಣದಲ್ಲಿ ಒಂದು ದಾರ. ಕನೆಕ್ಟಿಕಟ್‌ನ ಮೊಳೆಗೆ ಕಡುನೀಲಿಯ 12 ದಾರ ಬಂದು ಸೇರುತ್ತವೆ, ಟೆನೆಸಿಗೆ ಕಿತ್ತಳೆ ಬಣ್ಣದ 8. ಆ ಎಂಟೂ ಪ್ಯಾಟ್ ಸಮಿಟ್ ತರಬೇತಿಯಲ್ಲಿ ಗೆದ್ದವು.

ಆ ಕಿತ್ತಳೆಯ ಕಥೆ ಬೇರೆಯೇ. ನಾನು ಆರ್ಡರ್ ಮಾಡಿದ್ದು ಕಿತ್ತಳೆ, ಅಂಗಡಿಯವರು ಕಳಿಸಿದ್ದು ಕಾವಿ. ಫೋನ್ ಮಾಡಿದರೆ 'ಎರಡೂ ಒಂದೇ ಸರ್' ಅಂದರು. ಒಂದೇ ಅಲ್ಲ! ಎರಡನೇ ಸಲ ಬಂದ ಎರಡು ಲಡಿಗಳು ಒಂದಕ್ಕೊಂದು ಹೊಂದಲಿಲ್ಲ. ಮೂರನೆಯದನ್ನು ನಾನೇ ಪೇಟೆಗೆ ಹೋಗಿ, ಬಿಸಿಲಿಗೆ ಹಿಡಿದು ನೋಡಿ ತಂದೆ.

ಈಗ ಅಸಲು ತಲೆನೋವಿಗೆ ಬರುತ್ತೇನೆ. ನಾನು ಬರೆದುಕೊಂಡಿದ್ದ ಪಟ್ಟಿಯಲ್ಲಿ ಗೆದ್ದವರ ಹೆಸರು ಸಾಲಾಗಿತ್ತು, ವರ್ಷ ಇರಲಿಲ್ಲ. 54 ಹೆಸರು, 54 ಮೊಳೆ. ಅಕ್ಕ ಓದುತ್ತಾ ಹೋದಳು, ನಾನು ಕಟ್ಟುತ್ತಾ ಹೋದೆ. ಮೊದಲ ದಾರ 1972ಕ್ಕೆ ಬಿತ್ತು, ಕೊನೆಯದು 2025ಕ್ಕೆ. ಒಂದೂ ಉಳಿಯಲಿಲ್ಲ, ಒಂದೂ ಸಾಲದೆ ಹೋಗಲಿಲ್ಲ. ಮರುದಿನ ಮೊಳೆಗಳ ಕೆಳಗೆ ವರ್ಷದ ಚೀಟಿ ಅಂಟಿಸುತ್ತಿದ್ದೆವು.

"ಲೋ, 2020ಕ್ಕೆ ಹಸಿರು ದಾರ ಯಾಕೋ ಇದೆ?" ಅಂದಳು ಅಕ್ಕ.

"ಬೇಲರ್ ಕಣೇ."

"ಆ ವರ್ಷ ಕೊರೋನಾ. ಟೂರ್ನಿ ಎಲ್ಲಿ ನಡೀತು?"

ಕೈಯಲ್ಲಿದ್ದ ಚೀಟಿ ಹಾಗೇ ಉಳಿಯಿತು. 2020ರ ಮಾರ್ಚ್ 12ರಂದೇ ಟೂರ್ನಿ ರದ್ದಾಗಿತ್ತು. ಬೇಲರ್ ಗೆದ್ದಿದ್ದು 2019ರಲ್ಲಿ, ನೋಟರ್‌ಡೇಮ್ ಮೇಲೆ 82-81ರಿಂದ. ಹಿಂದಕ್ಕೆ ನೋಡುತ್ತಾ ಹೋದೆ. 1994ರಲ್ಲಿ ಕೊನೆಯ 0.7 ಸೆಕೆಂಡ್ ಇದ್ದಾಗ ಚೆಂಡು ಹಿಡಿದು, ಮೂರು ಅಂಕದ ಬುಟ್ಟಿ ಹಾಕಿ ನಾರ್ತ್ ಕೆರೊಲಿನಾವನ್ನು ಗೆಲ್ಲಿಸಿದ ಶಾರ್ಲೆಟ್ ಸ್ಮಿತ್ 1995ರಲ್ಲಿ ಕೂತಿದ್ದಳು. ಅದರ ಹಿಂದಿನ ವರ್ಷದ ಫೈನಲ್‌ನಲ್ಲಿ ಒಬ್ಬಳೇ 47 ಅಂಕ ಗಳಿಸಿದ ಶೆರಿಲ್ ಸ್ವೂಪ್ಸ್ 1994ಕ್ಕೆ ಜಾರಿದ್ದಳು. 1983ರಿಂದ 2020ರವರೆಗಿನ ಅಷ್ಟೂ ಮೊಳೆಗಳಲ್ಲಿ ದಾರ ಒಂದೊಂದು ವರ್ಷ ಮುಂದಕ್ಕೆ ಹೋಗಿತ್ತು.

ಕಾರಣ 1982. ಆ ವರ್ಷ ಇಬ್ಬರು ಚಾಂಪಿಯನ್ನರು. ಹೆಚ್ಚಾಗಿ ಬಂದ ಆ ಒಂದು ಗೆಲುವು, 2020ರಲ್ಲಿ ಕಡಿಮೆಯಾದ ಒಂದು ಗೆಲುವು ಸೇರಿ ಮೊತ್ತವನ್ನು ಸರಿಮಾಡಿಬಿಟ್ಟಿದ್ದವು. ಹಾಗಾಗಿಯೇ ಎಷ್ಟು ಸಲ ಎಣಿಸಿದರೂ ತಪ್ಪು ಕೈಗೆ ಸಿಕ್ಕಿರಲಿಲ್ಲ.

1971ರಲ್ಲಿ ಹುಟ್ಟಿದ ಎಐಎಡಬ್ಲ್ಯೂ ಎಂಬ ಮಹಿಳಾ ಕಾಲೇಜು ಕ್ರೀಡಾ ಸಂಸ್ಥೆ 1972ರಿಂದ ರಾಷ್ಟ್ರೀಯ ಟೂರ್ನಿ ನಡೆಸುತ್ತಿತ್ತು. ಅಲ್ಲಿಯವರೆಗೆ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಸದ ಎನ್‌ಸಿಎಎ ಎಂಬ ದೊಡ್ಡ ಕಾಲೇಜು ಕ್ರೀಡಾ ಸಂಸ್ಥೆ, 1982ರಲ್ಲಿ ತನ್ನದೇ ಟೂರ್ನಿ ಶುರು ಮಾಡಿತು. ತಂಡಗಳ ಪ್ರಯಾಣದ ಖರ್ಚು ಕೊಡುತ್ತೇವೆ, ಹೆಚ್ಚುವರಿ ಸದಸ್ಯ ಶುಲ್ಕ ಬೇಡ ಎಂದಾಗ ಬಲಿಷ್ಠ ತಂಡಗಳಲ್ಲಿ ಹೆಚ್ಚಿನವು ಆ ಕಡೆ ಹೋದವು. ಆ ವರ್ಷದ ಮಾರ್ಚ್‌ನಲ್ಲಿ ನಾರ್ಫಕ್‌ನಲ್ಲಿ ನಡೆದ ಎನ್‌ಸಿಎಎ ಫೈನಲ್‌ನಲ್ಲಿ ಲೂಸಿಯಾನಾ ಟೆಕ್ ತಂಡ ಚೇನಿ ಸ್ಟೇಟನ್ನು 76-62ರಿಂದ ಸೋಲಿಸಿತು. ಫಿಲಡೆಲ್ಫಿಯಾದಲ್ಲಿ ನಡೆದ ಎಐಎಡಬ್ಲ್ಯೂ ಫೈನಲ್‌ನಲ್ಲಿ ರಟ್ಗರ್ಸ್ ಟೆಕ್ಸಸ್ಸನ್ನು 83-77ರಿಂದ ಮಣಿಸಿತು. ಎಐಎಡಬ್ಲ್ಯೂ ಬಾಗಿಲು ಮುಚ್ಚಿತು, ಕೋರ್ಟಿಗೆ ಹೋಗಿ ಅಲ್ಲೂ ಸೋತಿತು.

ಹಲಗೆಯನ್ನು 1982ರ ಎನ್‌ಸಿಎಎಯಿಂದಲೇ ಶುರು ಮಾಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಎಷ್ಟೋ ಪಟ್ಟಿಗಳು ಶುರುವಾಗುವುದೂ ಅಲ್ಲಿಂದಲೇ. ನನಗೆ ಅದು ಒಪ್ಪಿಗೆಯಿಲ್ಲ. ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ 1981ಕ್ಕೆ ಮುಗಿಸಿದ 3,649 ಅಂಕ ಎಐಎಡಬ್ಲ್ಯೂ ಕಾಲದ್ದು ಎಂಬ ಒಂದೇ ಕಾರಣಕ್ಕೆ ಎನ್‌ಸಿಎಎ ದಾಖಲೆಯಿಂದ ಹೊರಗುಳಿಯಿತು. 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಆ ಅಂಕ ದಾಟುವ ಹೊತ್ತಿಗಷ್ಟೇ ಎಷ್ಟೋ ಜನ ವುಡರ್ಡ್ ಹೆಸರು ಕೇಳಿದ್ದು. ನನ್ನ ಹಲಗೆಯಲ್ಲಿ ಹಾಗಾಗಬಾರದು.

ಅಲ್ಲದೆ 1972 ಬಿಟ್ಟರೆ ಇಮ್ಯಾಕ್ಯುಲಾಟಾ ಬಿಟ್ಟಂತೆ. ಪೆನ್ಸಿಲ್ವೇನಿಯಾದ ಪುಟ್ಟ ಕ್ಯಾಥೊಲಿಕ್ ಕಾಲೇಜು. ಆಟಗಾರ್ತಿಯರು ತೊಟ್ಟಿದ್ದು ಉಣ್ಣೆಯ ಅಂಗಿ. ಅವರ ಪಂದ್ಯಗಳಲ್ಲಿ ಸಿಸ್ಟರ್‌ಗಳು ಬಕೆಟ್ ಬಡಿದು ಹುರಿದುಂಬಿಸುತ್ತಿದ್ದರು. 16 ತಂಡಗಳಲ್ಲಿ 15ನೇ ಶ್ರೇಯಾಂಕ. ಸ್ವಲ್ಪ ದಿನದ ಹಿಂದೆ ತಮ್ಮನ್ನು 32 ಅಂಕಗಳಿಂದ ಸೋಲಿಸಿದ್ದ ವೆಸ್ಟ್ ಚೆಸ್ಟರನ್ನೇ ಫೈನಲ್‌ನಲ್ಲಿ 52-48ರಿಂದ ಸೋಲಿಸಿದರು. ಮುಂದಿನ ಎರಡು ವರ್ಷವೂ ಅವರದ್ದೇ.

ಸರಿ, ಒಂದು ಮೊಳೆಗೆ ಎರಡು ದಾರ ಕಟ್ಟೋಣವೆಂದರೆ, ಎರಡನೆಯದು ಮೊದಲನೆಯದನ್ನು ಮುಚ್ಚಿಬಿಡುತ್ತದೆ. ರಟ್ಗರ್ಸ್‌ನ ಕೆಂಪು ಮೇಲೆ ಬಂದರೆ ಲೂಸಿಯಾನಾ ಟೆಕ್‌ನ ತಿಳಿನೀಲಿ ಕಾಣುವುದಿಲ್ಲ, ಅದು ಮೇಲಾದರೆ ಇದು ಮಾಯ. ಒಂದರ ಮೇಲೊಂದು ಎರಡು ಮೊಳೆ ಹೊಡೆದು ನೋಡಿದೆ. ಆಗಲೂ ಒಬ್ಬರು ಮೇಲೆ, ಒಬ್ಬರು ಕೆಳಗೆ. ದಾರದ ಬಿಗಿ ಹೆಚ್ಚಾಗಿ ಒಂದು ಮೊಳೆ ವಾಲಿತು. ಮೂರು ಸಂಜೆ ಹೀಗೇ ಹೋಯಿತು.

ದಾರಿ ತೋರಿಸಿದ್ದು ತರಬೇತುದಾರರ ಹೆಸರು. 1982ರ ರಟ್ಗರ್ಸ್ ತಂಡದ ತರಬೇತುದಾರೆ ಥೆರೆಸಾ ಗ್ರೆಂಟ್ಜ್. ಮದುವೆಗೆ ಮುಂಚೆ ಥೆರೆಸಾ ಶ್ಯಾಂಕ್, ಇಮ್ಯಾಕ್ಯುಲಾಟಾದ ಆ ಮೂರೂ ಗೆಲುವುಗಳಲ್ಲಿ ಆಡಿದವಳು! ಎಐಎಡಬ್ಲ್ಯೂ ಟೂರ್ನಿಯ ಮೊದಲ ಗೆಲುವಿನಲ್ಲಿ ಅಂಗಳದಲ್ಲಿದ್ದವಳು, ಕೊನೆಯ ಗೆಲುವಿನಲ್ಲಿ ಬೆಂಚಿನ ಬಳಿ ನಿಂತಿದ್ದಳು. ಅತ್ತ ನಾರ್ಫಕ್‌ನಲ್ಲಿ ಸೋತ ಚೇನಿ ತಂಡದ ವಿವಿಯನ್ ಸ್ಟ್ರಿಂಗರ್, 1995ರಲ್ಲಿ ಇದೇ ಗ್ರೆಂಟ್ಜ್ ಬಿಟ್ಟುಹೋದ ರಟ್ಗರ್ಸ್‌ಗೆ ಬಂದಳು. ಚೇನಿ ಕರಿಯರ ಶಿಕ್ಷಣಕ್ಕಾಗಿ ಹುಟ್ಟಿದ ಕಾಲೇಜು. ಅಂಥ ಇನ್ನಾವ ಕಾಲೇಜೂ ಈ ಫೈನಲ್ ತಲುಪಿಲ್ಲ.

ಇದನ್ನು ಓದಿದ ಮೇಲೆ ಹಲಗೆಯ ಮುಂದೆ ನಿಂತರೆ ಉತ್ತರ ಎದುರಿಗೇ ಇತ್ತು. 1982ರ ದಪ್ಪ ಮೊಳೆ ಕಿತ್ತೆ. ಆ ತೂತಿನ ಎರಡೂ ಪಕ್ಕಕ್ಕೆ ಐದು ಮಿಲಿಮೀಟರ್ ಬಿಟ್ಟು, ಒಂದೇ ಎತ್ತರದಲ್ಲಿ ಎರಡು ಸಣ್ಣ ಮೊಳೆ ಹೊಡೆದೆ. ಎಡದ್ದು ರಟ್ಗರ್ಸ್‌ಗೆ: 1972ರಿಂದ ಬಂದ 11 ದಾರಗಳ ಸಾಲು ಅಲ್ಲಿ ಮುಗಿಯುತ್ತದೆ. ಬಲದ್ದು ಲೂಸಿಯಾನಾ ಟೆಕ್‌ಗೆ: ಅಲ್ಲಿಂದ ಹೊಸ ಸಾಲಿನ 43. ಯಾರೂ ಯಾರನ್ನೂ ಮುಚ್ಚುವುದಿಲ್ಲ. ನಡುವಿನ ತೂತನ್ನು ತುಂಬದೆ ಬಿಟ್ಟಿದ್ದೇನೆ. 1972ರ ಮೊಳೆಯಿಂದ ರಟ್ಗರ್ಸ್ ಮೊಳೆಗೆ ಥೆರೆಸಾ ಹೆಸರಲ್ಲಿ ಒಂದು ಹಿತ್ತಾಳೆ ತಂತಿ ಎಳೆದೆ. ದೀಪ ಹಾಕಿದರೆ ಮೊದಲು ಕಣ್ಣಿಗೆ ಬೀಳುವುದೇ ಅದು.

ಉಳಿದ ಪ್ಲೈವುಡ್ ತುಂಡು ನೋಡಿ ಆಗಲೇ ಕೈ ತುರಿಸುತ್ತಿದೆ. 1893ರಲ್ಲಿ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಆಡಿಸಿದ ಪಂದ್ಯದ ಅಂಗಳ ಮಾಡಬೇಕು. ಮೂರು ಪಾಲು ಮಾಡಿದ ಅಂಗಳ, ತನ್ನ ಪಾಲು ಬಿಟ್ಟು ಯಾರೂ ಕದಲುವಂತಿಲ್ಲ, ಗಂಡಸರಿಗೆ ಒಳಗೆ ಪ್ರವೇಶವೇ ಇಲ್ಲ. ಚನ್ನೆಮಣೆಯಂತೆ ಗುಳಿ ತೋಡಿ, ಆಟಗಾರ್ತಿಯರಿಗೆ ಮಂಜೊಟ್ಟಿ ಬೀಜ ಇಡುವ ಯೋಚನೆ. ಉಳಿ ಹಿಡಿದು ಗುಂಡನೆ ಗುಳಿ ತೆಗೆದವರು ಯಾವ ಮರ ಬಳಸಿದಿರಿ ಹೇಳಿ. ಹಲಸು ಸಿಗುತ್ತದೆ, ಆದರೆ ಗಟ್ಟಿ.

2020ರ ಮೊಳೆಯಲ್ಲಿ ದಾರವಿಲ್ಲ. ಕೀಳೋಣವೇ ಎಂದು ಅಕ್ಕ ಕೇಳಿದಳು. ಬೇಡ ಎಂದೆ. ಚೀಟಿ ಅಂಟಿಸಿದ್ದೇನೆ, ಬರಿಮೊಳೆ ಹಾಗೇ ಇದೆ.