ಕಡಲಿಗೆ ಮನೆ ಬಿಟ್ಟುಕೊಡುವ ಕೌನ್ಸಿಲ್

ಉಳ್ಳಾಲ, ಸೋಮೇಶ್ವರ, ಉಚ್ಚಿಲ ಕಡೆಯವರಿಗೆ ಕಡಲ್ಕೊರೆತ ಹೊಸದಲ್ಲ. ಮಳೆಗಾಲ ಬಂತೆಂದರೆ ತೆಂಗಿನ ಮರ ಉರುಳುತ್ತವೆ, ಲಾರಿಗಟ್ಟಲೆ ಕಲ್ಲು ಬಂದು ಬೀಳುತ್ತದೆ. ನನ್ನ ಊರೂ ಅದೇ ಕಡೆ. ಈಗ ಇರುವುದು ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ತ್ ನಾರ್ಫೋಕ್‌ನಲ್ಲಿ. ಇಲ್ಲೂ ಕಡಲು ಮನೆ ನುಂಗುತ್ತದೆ. ಆದರೆ ಅದನ್ನು ಇಲ್ಲಿನ ಕೌನ್ಸಿಲ್, ಅಂದರೆ ಜಿಲ್ಲೆಯ ಸ್ಥಳೀಯ ಆಡಳಿತ, ನಿಭಾಯಿಸುವ ರೀತಿ ಬೇರೆ. ಅದನ್ನು ಊರಿನವರಿಗೆ ಹೇಳಬೇಕು ಅನ್ನಿಸಿತು.

ನಾರ್ತ್ ನಾರ್ಫೋಕ್ ಒಂದು ಜಿಲ್ಲೆ. ಜಿಲ್ಲೆ ಅಂದರೆ ನಮ್ಮ ದಕ್ಷಿಣ ಕನ್ನಡದಷ್ಟು ದೊಡ್ಡದು ಅಂದುಕೊಳ್ಳಬೇಡಿ. ಒಟ್ಟು ಜನ ಸುಮಾರು ಒಂದು ಲಕ್ಷ. ಏಡಿಗೆ ಹೆಸರಾದ ಕ್ರೋಮರ್ ಪೇಟೆಯಲ್ಲಿ ಕೌನ್ಸಿಲ್ ಕಚೇರಿ. ಜನ ಆರಿಸಿದ ಸದಸ್ಯರು 40. ಕಸ ಒಯ್ಯುವುದು, ಮನೆ ಕಟ್ಟಲು ಅನುಮತಿ ಕೊಡುವುದು ಇವರ ಕೆಲಸ. ರಸ್ತೆ, ಶಾಲೆ ಎಲ್ಲ ಮೇಲಿನ ಕೌಂಟಿ (ಹಲವು ಜಿಲ್ಲೆ ಸೇರಿದ ಪ್ರದೇಶ) ಕೌನ್ಸಿಲ್‌ನದು. ತೆರಿಗೆ ವಸೂಲಿ ಮಾಡುವುದು ಜಿಲ್ಲೆ, ಅದರಲ್ಲಿ ಜಾಸ್ತಿ ಪಾಲು ಹೋಗುವುದು ಕೌಂಟಿಗೆ. ಆದರೆ ಕಡಲತೀರ ಕಾಯುವ ಹೊಣೆ ಮಾತ್ರ 1949ರ ಕಾಯ್ದೆಯಂತೆ ಈ ಪುಟ್ಟ ಜಿಲ್ಲೆಯ ತಲೆ ಮೇಲೇ ಇದೆ. ಒಂದು ತೊಡಕು: ಕಾಯ್ದೆ ಅಧಿಕಾರ ಕೊಟ್ಟಿದೆ, ಕಾಯಲೇಬೇಕು ಎಂದು ಹೇಳಿಲ್ಲ.

ಇದರ ಅರ್ಥ ಏನೆಂದು ತಿಳಿಯಲು ಇದೇ ಜಿಲ್ಲೆಯ ಹ್ಯಾಪಿಸ್‌ಬರ್ಗ್ ಹಳ್ಳಿಗೆ ಹೋಗಬೇಕು. ಊರಿನವರು ಹೇಜ್‌ಬರೋ ಅನ್ನುತ್ತಾರೆ. ಕೆಂಪು ಬಿಳಿ ಪಟ್ಟಿಯ ದೀಪಸ್ತಂಭ, ಎತ್ತರದ ಗೋಪುರದ ಚರ್ಚು, ನಡುವೆ ಹೊಲ. ಬೀಚ್ ರೋಡಿನಲ್ಲಿ ಮುಂದೆ ಹೋದರೆ ಡಾಂಬರು ಇದ್ದಕ್ಕಿದ್ದಂತೆ ತುಂಡಾಗುತ್ತದೆ. ಆಮೇಲೆ ರಸ್ತೆಯೇ ಇಲ್ಲ, ಕೆಳಗೆ ಸಮುದ್ರ. ಮರಳಿಗಿಳಿದು ಹಿಂದೆ ನೋಡಿದರೆ ಧರೆಯ (ಕಡಲಂಚಿನ ಕಡಿದಾದ ದಿಣ್ಣೆಯ) ಮೈಯಿಂದ ಮುರಿದ ಪೈಪು, ಕೇಬಲ್ ಹೊರಗೆ ಚಾಚಿಕೊಂಡಿರುತ್ತವೆ. ಈ ಧರೆ ಕಲ್ಲಿನದಲ್ಲ. ಹಿಮಯುಗ ಬಿಟ್ಟುಹೋದ ಮರಳು, ಜೇಡಿಮಣ್ಣು. ಮೇಲಿಂದ ಮಳೆನೀರು ಇಳಿಯುತ್ತದೆ, ಕೆಳಗಿಂದ ಅಲೆ ಬಡಿಯುತ್ತದೆ. ಚಳಿಗಾಲದ ಒಂದು ಬಿರುಗಾಳಿ ಸಾಕು, ದೊಡ್ಡ ಹೋಳೇ ಬೀಳುತ್ತದೆ. ಹೀಗೆ ಕೊರೆದದ್ದರಿಂದಲೇ 2013ರಲ್ಲಿ ಇಲ್ಲಿ ಎಂಟು ಲಕ್ಷ ವರ್ಷಕ್ಕೂ ಹಳೆಯ ಮನುಷ್ಯರ ಹೆಜ್ಜೆಗುರುತು ಹೊರಬಂತು. ಆಫ್ರಿಕಾದ ಹೊರಗೆ ಅಷ್ಟು ಹಳೆಯದು ಅಲ್ಲಿವರೆಗೆ ಸಿಕ್ಕಿರಲಿಲ್ಲ. ಕೆಲವೇ ವಾರಗಳಲ್ಲಿ ಅದನ್ನೂ ಅಲೆ ತೊಳೆದುಬಿಟ್ಟಿತು.

1953ರ ಜನವರಿ ಕೊನೆಯ ರಾತ್ರಿ ಉಕ್ಕಿದ ಸಮುದ್ರಕ್ಕೆ ಇಂಗ್ಲೆಂಡಿನಲ್ಲಿ 307 ಜನ ಸತ್ತರು. ಆಮೇಲೆ ಹ್ಯಾಪಿಸ್‌ಬರ್ಗ್‌ನಲ್ಲಿ ಮರದ ತಡೆಗೋಡೆ ಕಟ್ಟಿದರು. 1990ರ ದಶಕದಲ್ಲಿ ಅದು ಮುರಿಯತೊಡಗಿತು. ಅಲ್ಲಿರುವ ಮನೆಗಳ ಬೆಲೆ ಲೆಕ್ಕ ಹಾಕಿದರೆ ಹೊಸ ಗೋಡೆಯ ಖರ್ಚಿಗೆ ಸಮ ಬರಲಿಲ್ಲ. ಹಾಗಾಗಿ ಈ ತೀರವನ್ನು ದೀರ್ಘಕಾಲ ಉಳಿಸಲಾಗದು ಎಂದು ಕಡಲತೀರದ ನಿರ್ವಹಣಾ ಯೋಜನೆಯಲ್ಲಿ ಬರೆದೇಬಿಟ್ಟರು. ಯಾವ ಕಾಲಕ್ಕೆ ಕಡಲು ಎಲ್ಲಿಗೆ ಬರಬಹುದು ಎಂಬ ಗೆರೆ ನಕ್ಷೆಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ನಿಮ್ಮ ಅಡುಗೆಮನೆ ಆ ಗೆರೆಯ ಒಳಗೆ ಬಂದರೆ ಎದೆ ಒಡೆಯುತ್ತದೆ, ನಿಜ. ಆದರೂ ಗೊತ್ತಿಲ್ಲದೆ ಸಾಲ ಮಾಡಿ ಮನೆ ಕಟ್ಟಿ ಕಳೆದುಕೊಳ್ಳುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೌನ್ಸಿಲ್ ಗೆರೆ ಎಳೆದು ಸುಮ್ನೆ ಕೂರಲಿಲ್ಲ. ಧರೆ ಅಂಚಿನ ಮನೆ ಬಿಟ್ಟವರು ಒಳಗಡೆ ಬದಲಿ ಮನೆ ಕಟ್ಟಿಕೊಳ್ಳಲು 2008ರಲ್ಲೇ ನಿಯಮ ತಂದಿತು. ಮರುವರ್ಷ ಸರ್ಕಾರದ ಪ್ರಾಯೋಗಿಕ ಯೋಜನೆಯಲ್ಲಿ ಸುಮಾರು 30 ಲಕ್ಷ ಪೌಂಡ್ ಬಂದಾಗ ಬೀಚ್ ರೋಡಿನ ಕೆಲವು ಮನೆಗಳನ್ನು ತಾನೇ ಕೊಂಡು ಕೆಡವಿತು. ಪೂರ್ತಿ ಬೆಲೆ ಕೊಡಲಿಲ್ಲ, ಆದರೆ ಬರಿಗೈಯಲ್ಲೂ ಕಳಿಸಲಿಲ್ಲ. ಕಾರು ನಿಲ್ಲಿಸುವ ಜಾಗವನ್ನೂ ಶೌಚಾಲಯವನ್ನೂ ಹಿಂದಕ್ಕೆ ಸರಿಸಿದರು.

ಅಲ್ಲೇ ಸ್ವಲ್ಪ ಉತ್ತರಕ್ಕೆ ಬ್ಯಾಕ್ಟನ್ ಇದೆ. ಅಲ್ಲಿ ದೇಶಕ್ಕೇ ಬೇಕಾದ ದೊಡ್ಡ ಗ್ಯಾಸ್ ಟರ್ಮಿನಲ್. 2019ರಲ್ಲಿ ಅದರ ಮುಂದೆ, ಪಕ್ಕದ ಹಳ್ಳಿಗಳ ಮುಂದೆ, ಹಡಗಿನಿಂದ 18 ಲಕ್ಷ ಘನ ಮೀಟರ್ ಮರಳು ಸುರಿದು ಬೀಚನ್ನೇ ಎತ್ತರಿಸಿದರು. ಡಚ್ಚರಿಂದ ಕಲಿತ ಉಪಾಯ. ಖರ್ಚಿನ ಬಹುಪಾಲು ಗ್ಯಾಸ್ ಕಂಪನಿಗಳದು. ಹ್ಯಾಪಿಸ್‌ಬರ್ಗ್‌ನಲ್ಲಿ ಅಂಥ ಕಂಪನಿ ಇಲ್ಲ, ಗೋಡೆಯೂ ಇಲ್ಲ.

ಅನ್ಯಾಯ ಅಲ್ವಾ? ನನಗಂತೂ ಹಾಗೇ ಅನ್ನಿಸುತ್ತದೆ. ಕೊರೆತಕ್ಕೆ ಮನೆ ಹೋದರೆ ಈ ದೇಶದಲ್ಲಿ ಪರಿಹಾರ ಇಲ್ಲ. ಮನೆ ಕೆಡವಲು 6,000 ಪೌಂಡ್‌ವರೆಗೆ ಸಹಾಯಧನ ಇದೆ, ಅಷ್ಟೆ. ಸಾಮಾನ್ಯ ವಿಮೆಯೂ ಇದಕ್ಕೆ ಕೊಡುವುದಿಲ್ಲ. ಜೀವಮಾನವಿಡೀ ತೆರಿಗೆ ಕಟ್ಟಿದ ವಯಸ್ಸಾದವರು ತಮ್ಮ ಮನೆ ತಾವೇ ಕೆಡವಿಸಿ ಹೊರಡಬೇಕು. ಜಿಲ್ಲೆಯ ಕೈಯಲ್ಲಿ ದುಡ್ಡಿಲ್ಲ, ಇದನ್ನು ಲಂಡನ್ ಸರ್ಕಾರವೇ ಸರಿಪಡಿಸಬೇಕು.

ಈಗ ಈ ಕೌನ್ಸಿಲ್‌ನ ಬುಡಕ್ಕೇ ಬಂದಿದೆ. ಜಿಲ್ಲೆ, ಕೌಂಟಿ ಎಂಬ ಎರಡು ಹಂತ ಬೇಡ, ಒಂದೇ ಸಾಕು ಎಂದು ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹೇಳಿತು. 1974ರಿಂದ ಇರುವ ಜಿಲ್ಲೆ ಹೋದರೆ ಧರೆಯ ಬಿರುಕನ್ನು ದಿನಾ ನೋಡುವ ಎಂಜಿನಿಯರುಗಳು ಯಾವ ದೊಡ್ಡ ಕಚೇರಿಯ ಮೂಲೆ ಸೇರುತ್ತಾರೋ ಎಂಬ ಚಿಂತೆ ನನಗಿದೆ.

ಇಂಥ ತೀರ್ಮಾನ ಮಾಡುವವರನ್ನು ಆರಿಸುವುದು ಮತದಾರರೇ. ಅದಕ್ಕೇ ಇಲ್ಲಿಗೆ ಓದಲು, ದುಡಿಯಲು ಬರುವ ನಿಮ್ಮ ಮಕ್ಕಳಿಗೆ ಒಂದು ಮಾತು ತಿಳಿಸಿ. ಕಾಮನ್‌ವೆಲ್ತ್ ದೇಶದವರಾದ್ದರಿಂದ, ಸರಿಯಾದ ವೀಸಾದಲ್ಲಿ ಇಲ್ಲಿ ವಾಸವಿರುವ ಭಾರತೀಯರಿಗೂ ಮತದಾನದ ಹಕ್ಕಿದೆ. ಬ್ರಿಟಿಷ್ ಪೌರತ್ವ ಬೇಕಿಲ್ಲ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಮತಗಟ್ಟೆಯಲ್ಲಿ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಚೀಟಿ ಕೊಡುತ್ತಾರೆ.