ಬ್ಯಾಗ್ ಮಂಕಾಗಿತ್ತು, ಬೀಕರ್ ಹೊಳೆಯುತ್ತಿತ್ತು

ನೀರಿನಲ್ಲಿರುವ ಕಬ್ಬಿಣ ಪತ್ತೆಹಚ್ಚಲು ಕಾರ್ಬನ್ ಡಾಟ್ಸ್, ಅಂದರೆ ಯುವಿ ಬೆಳಕಿನಲ್ಲಿ ಹೊಳೆಯುವ ಇಂಗಾಲದ ನ್ಯಾನೋ ಕಣಗಳನ್ನು, ಮಾಡುವುದು ನನ್ನ ಕೆಲಸ. ಸಿಟ್ರಿಕ್ ಆಸಿಡ್, ಎಥಿಲೀನ್‌ಡೈಅಮೀನ್, ನೀರು. ಟೆಫ್ಲಾನ್ ಲೈನರ್‌ಗೆ ಸುರಿದು, ಆಟೋಕ್ಲೇವ್ (ಒತ್ತಡ ತಡೆಯುವ ಉಕ್ಕಿನ ಪಾತ್ರೆ) ಬಿಗಿದು, 200 ಡಿಗ್ರಿಯಲ್ಲಿ 5 ಗಂಟೆ. ಹೊರಬರುವ ಕಂದು ದ್ರವದ ಒಂದು ಹನಿಯನ್ನು ನೀರಿಗೆ ಬಿಟ್ಟು ಯುವಿ ದೀಪ ಹಿಡಿದರೆ ಕಣ್ಣು ಕುಕ್ಕುವ ನೀಲಿ. ಆ ನೀಲಿ ನೋಡಿಯೇ ನಾನು ಏಮಾರಿದ್ದು.

ಆಮೇಲೆ ಡಯಾಲಿಸಿಸ್: ದ್ರವವನ್ನು ಸೂಕ್ಷ್ಮ ರಂಧ್ರಗಳ ಬ್ಯಾಗಿಗೆ ತುಂಬಿ ನೀರಿನಲ್ಲಿಟ್ಟರೆ ಸಣ್ಣ ಅಣುಗಳು ಹೊರಗೆ ಹೋಗುತ್ತವೆ, ಡಾಟ್ಸ್ ಒಳಗೆ ಉಳಿಯುತ್ತವೆ. ಇದು ಎರಡು ದಿನ ನಡೆಯಬೇಕು, ನೀರು ಬದಲಿಸುತ್ತಾ ಇರಬೇಕು. ನಾನು ಎರಡು ಗಂಟೆಗೇ ಬ್ಯಾಗ್ ತೆಗೆಯುತ್ತಿದ್ದೆ. ಹೊಳಪು ಅಳೆಯುವ ಪಿಎಲ್ ಮಷೀನಿನ ಸ್ಲಾಟ್ ಸಿಗುವುದೇ ವಾರಕ್ಕೊಮ್ಮೆ, ಅದರ ಮೇಲೆ ರಿಪೋರ್ಟ್ ಎಲ್ಲಿ ಅಂತ ಮೇಲಿನವರ ಒತ್ತಡ. ಒಂದು ಮಷೀನಿಗೆ ಇಷ್ಟು ಜನ ಕಾಯುವಾಗ ಯಾರಾದರೂ ಅವಸರ ಮಾಡುತ್ತಾರೆ, ಅಲ್ವಾ? ಆದರೆ ಅದೊಂದೇ ಕಾರಣ ಅಲ್ಲ. ಜಾಸ್ತಿ ಹೊತ್ತು ಬಿಟ್ಟರೆ ಹೊಳಪು ಇಳಿಯುವುದನ್ನು ನಾನೇ ನೋಡಿದ್ದೆ. ಡಾಟ್ಸ್ ಸೋರಿ ಹೋಗುತ್ತಿವೆ, ಸುಮ್ನೆ ಯಾಕೆ ಕಳೆದುಕೊಳ್ಳಬೇಕು ಅಂದುಕೊಂಡೆ. ಹೊರಗೆ ಬರುತ್ತಿರುವುದು ಏನು ಅಂತ ಒಮ್ಮೆಯೂ ನೋಡಲಿಲ್ಲ.

ಐರನ್ ಹಾಕಿದಷ್ಟೂ ಕ್ವೆಂಚಿಂಗ್ (ಹೊಳಪು ಇಳಿಯುವುದು) ಚೆನ್ನಾಗಿ ಬಂತು. ಆ ಇಳಿಕೆಯನ್ನು ಕಬ್ಬಿಣದ ಪ್ರಮಾಣದ ಜೊತೆ ತೋರಿಸುವ ಸ್ಟರ್ನ್–ವೋಲ್ಮರ್ ಗೆರೆ ನೇರವಾಗಿತ್ತು. ಕೋಶಗಳಿಗೆ ವಿಷವೇ ಅಂತ ನೋಡುವ ಎಂಟಿಟಿ ಪರೀಕ್ಷೆಯಲ್ಲೂ ಕೋಶಗಳು ಬದುಕಿದ್ದವು. ಮುಂದೆ ಡಾಟ್ಸನ್ನು ಚಿಟೋಸಾನ್ ಎಂಬ ಪಾಲಿಮರಿನ ಮಣಿಗಳಿಗೆ ಸೇರಿಸಿದೆವು, ಕಬ್ಬಿಣ ಪತ್ತೆಯೂ ಆಗಲಿ, ನೀರಿನಿಂದ ಹೊರಗೂ ಬರಲಿ ಅಂತ.

ಮಣಿ ತೊಳೆಯುತ್ತಿದ್ದ ಜೂನಿಯರ್ ಕರೆದಳು. "ಸರ್, ಆರನೇ ಸಲ ತೊಳೆದೆ. ನೀರು ಇನ್ನೂ ಹೊಳೀತಿದೆ ನೋಡಿ."

ಹಳೆಯ ಬ್ಯಾಚನ್ನು 1,000 ಡಾಲ್ಟನ್ ಬ್ಯಾಗಿಗೆ (ಅಣುತೂಕ ಅದಕ್ಕಿಂತ ತೀರಾ ಕಡಿಮೆ ಇರುವವು ಹೊರಗೆ ಹೋಗುತ್ತವೆ) ತುಂಬಿ ಎರಡು ದಿನ ಬಿಟ್ಟೆ. ಎರಡನೇ ದಿನ ಸಂಜೆ ಲೈಟ್ ಆರಿಸಿ, ಆ ದಿನ ಬ್ಯಾಗಿನ ಹೊರಗಿನಿಂದ ತೆಗೆದಿಟ್ಟ ನೀರಿನ ಬೀಕರನ್ನೂ ಬ್ಯಾಗನ್ನೂ ಒಟ್ಟಿಗೆ ಯುವಿ ಕೆಳಗೆ ಇಟ್ಟೆವು. ಬ್ಯಾಗಿನ ಒಳಗೆ ಮಬ್ಬು ಕಂದು, ಅಂಚಿನಲ್ಲಿ ಸ್ವಲ್ಪ ನೀಲಿ ಅಷ್ಟೇ. ಬೀಕರ್ ಪೂರ್ತಿ ನೀಲಿ. ದೀಪ ಹಿಡಿದ ಕೈ ಹಾಗೇ ನಿಂತಿತು. ಇಬ್ಬರೂ ಮಾತಾಡಲಿಲ್ಲ. ಇಷ್ಟು ತಿಂಗಳ ಪ್ಲಾಟ್‌ಗಳೆಲ್ಲ ಆ ಬೀಕರಿನದ್ದು ಅಂತ ಗೊತ್ತಾಯಿತು.

ಹೊಳೆಯುತ್ತಿದ್ದದ್ದು ಡಾಟ್ಸ್ ಅಲ್ಲ, ಐಪಿಸಿಎ ಎಂಬ ಸಣ್ಣ ಅಣು. ಅಣುತೂಕ ಸುಮಾರು 180, ಆ ಬ್ಯಾಗಿನಲ್ಲಿ ನಿಲ್ಲುವಂಥದ್ದೇ ಅಲ್ಲ. ಇದೇ ಎರಡು ವಸ್ತುಗಳಿಂದ ಆ ಸಣ್ಣ ಅಣು ಆಗುತ್ತದೆ ಅಂತ 2015ರಲ್ಲೇ ಪ್ರಕಟವಾಗಿದೆ, ನಾನು ಓದಿಯೂ ಇದ್ದೆ. ನನ್ನ ನೀಲಿ ಬೇರೆ ಅಂದುಕೊಂಡಿದ್ದೆ. ಎಲ್ಲಕ್ಕಿಂತ ಚುಚ್ಚುವುದು ಎಂಟಿಟಿ. ಒಳಗೆ ಏನಿದೆ ಅಂತ ಗೊತ್ತಿಲ್ಲದ ಮಿಶ್ರಣವನ್ನು ಸುರಕ್ಷಿತ ಅಂತ ಬರೆದು ಸಹಿ ಹಾಕಿದ್ದೆ.

ಮರುದಿನ ಬೆಳಿಗ್ಗೆಯೇ ರಿಪೋರ್ಟ್ ವಾಪಸ್ ತೆಗೆದುಕೊಂಡೆ, ಬೈಗುಳವೂ ಸಿಕ್ಕಿತು. ಈಗ ನೀರು ಬದಲಿಸುವಾಗಲೆಲ್ಲ ಹೊರಗಿನ ನೀರಿನ ಒಂದು ವಯಲ್ ಪಿಎಲ್‌ಗೆ ಹೋಗುತ್ತದೆ, ಅದು ಬ್ಲಾಂಕ್‌ಗೆ (ಬರೀ ನೀರಿಗೆ) ಸಮ ಬರುವ ತನಕ ಬ್ಯಾಗ್ ತೆಗೆಯುವುದಿಲ್ಲ. ಒಳಗೆ ಉಳಿಯುವ ಡಾಟ್ಸ್ ಹೊಳಪು ಕಡಿಮೆ. ಅವುಗಳ ಎಂಟಿಟಿ ಮೊದಲಿನಿಂದ ಶುರು ಮಾಡಿದ್ದೇವೆ.